ತೀರ್ಪು ಸರಿಯೇ, ಅಧಿಕಾರ ಇತ್ತೇ? ಓದುಗರ ಪ್ರಶ್ನೆಗಳಿಗೆ ವಕೀಲರ ಉತ್ತರ

ನ್ಯಾಯಾಲಯಗಳ ಅಧಿಕಾರ ಎಲ್ಲಿಗೆ ಮುಗಿಯುತ್ತದೆ ಎಂಬ ವಿಷಯವಾಗಿ ಪ್ರಶ್ನೆಗಳನ್ನು ಕಳುಹಿಸುವಂತೆ ಹಿಂದಿನ ಸಂಚಿಕೆಯಲ್ಲಿ ಕೋರಲಾಗಿತ್ತು. ಬಂದ ಪತ್ರಗಳಲ್ಲಿ ಹೆಚ್ಚಿನವು ಯಾವುದೋ ಒಂದು ತೀರ್ಪಿನ ಮೇಲಿನ ಅಸಮಾಧಾನದಿಂದ ಬರೆದವು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ 'ತೀರ್ಪು ತಪ್ಪು' ಎನ್ನುವುದೂ 'ಅಂಥ ತೀರ್ಪು ಕೊಡುವ ಅಧಿಕಾರವೇ ಅವರಿಗಿರಲಿಲ್ಲ' ಎನ್ನುವುದೂ ಎರಡು ಬೇರೆ ಆಕ್ಷೇಪಗಳು. ಪತ್ರಗಳಲ್ಲಿ ಅವೆರಡೂ ಬೆರೆತುಹೋಗಿವೆ. ಅವನ್ನು ಬಿಡಿಸಿಟ್ಟುಕೊಂಡೇ ಉತ್ತರಿಸಲು ಪ್ರಯತ್ನಿಸಿದ್ದೇನೆ.

ಕೃಷ್ಣರಾಜಸಾಗರದಲ್ಲಿ ನಮಗೇ ನೀರಿಲ್ಲದ ವರ್ಷವೂ ತಮಿಳುನಾಡಿಗೆ ನೀರು ಬಿಡಿ ಎಂದು ಸುಪ್ರೀಂ ಕೋರ್ಟ್ ಹೇಳುತ್ತದೆ. ನದಿ ವಿವಾದಗಳಲ್ಲಿ ನ್ಯಾಯಾಲಯಗಳು ಕೈಹಾಕುವಂತಿಲ್ಲ ಎಂದು ಸಂವಿಧಾನದಲ್ಲಿಯೇ ಇದೆಯಂತೆ. ಹಾಗಿದ್ದರೆ ಈ ಆದೇಶಗಳಿಗೆ ನಾವೇಕೆ ಬಗ್ಗಬೇಕು? ನಮ್ಮ ವಿಧಾನಮಂಡಲದ ನಿರ್ಣಯ ದೊಡ್ಡದಲ್ಲವೇ?
*ಕೃಷಿಕರೊಬ್ಬರು, ಮಂಡ್ಯ*

ನೀವು ಕೇಳಿರುವುದು ಸರಿಯಾಗಿಯೇ ಇದೆ. ಅಂತರರಾಜ್ಯ ನದಿ ನೀರಿನ ವಿವಾದಗಳಲ್ಲಿ ಸುಪ್ರೀಂ ಕೋರ್ಟಿನದೂ ಸೇರಿದಂತೆ ಎಲ್ಲ ನ್ಯಾಯಾಲಯಗಳ ಅಧಿಕಾರವನ್ನು ಕಾನೂನಿನ ಮೂಲಕ ತೆಗೆದುಹಾಕಲು ಸಂವಿಧಾನದ 262ನೇ ವಿಧಿ ಸಂಸತ್ತಿಗೆ ಅವಕಾಶ ಕೊಟ್ಟಿದೆ. ಸಂಸತ್ತು 1956ರಲ್ಲಿ ಮಾಡಿದ ನದಿ ಜಲ ವಿವಾದಗಳ ಕಾಯ್ದೆಯ 11ನೇ ಕಲಂ ಆ ಅವಕಾಶವನ್ನು ಬಳಸಿಕೊಂಡಿದೆ. ಕಾವೇರಿ ವಿವಾದ ಮೊದಲು ನ್ಯಾಯಮಂಡಳಿಯ ಮುಂದೆ ಹೋದದ್ದು ಇದೇ ಕಾರಣಕ್ಕೆ.

ಆದರೆ ನ್ಯಾಯಮಂಡಳಿಯ ಐತೀರ್ಪಿನ ಮೇಲೆ ಮೇಲ್ಮನವಿ ಸಲ್ಲಿಸಬಹುದೇ ಎಂಬುದು ಬೇರೆಯ ಪ್ರಶ್ನೆ. ಬಾರದು ಎಂದು ಕೇಂದ್ರ ಸರ್ಕಾರ ವಾದಿಸಿತು. 2016ರ ಡಿಸೆಂಬರ್ 9ರಂದು ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿತು. ಸಂಸತ್ತು ತಡೆದಿರುವುದು ನೀರಿನ ವಿವಾದವನ್ನು ಮೊಟ್ಟಮೊದಲಿಗೆ ನ್ಯಾಯಾಲಯಕ್ಕೆ ತರುವುದನ್ನು; ನ್ಯಾಯಮಂಡಳಿ ಕೊಟ್ಟ ಐತೀರ್ಪನ್ನು 136ನೇ ವಿಧಿಯಡಿ ಪರಿಶೀಲಿಸುವ ಅಧಿಕಾರ ಸಂವಿಧಾನದಿಂದಲೇ ಬಂದದ್ದಾದ್ದರಿಂದ ಸಾಮಾನ್ಯ ಕಾಯ್ದೆಯೊಂದು ಅದನ್ನು ಕಿತ್ತುಕೊಳ್ಳಲಾರದು ಎಂಬುದು ನ್ಯಾಯಾಲಯದ ನಿಲುವಾಗಿತ್ತು. ಈ ವ್ಯಾಖ್ಯಾನವನ್ನು ಒಪ್ಪದವರಿದ್ದಾರೆ. ಒಪ್ಪದಿರುವ ಮೊದಲು ಕನ್ನಡಿಗರು ಒಂದು ಸಂಗತಿಯನ್ನು ನೆನೆಯಬೇಕು. 2007ರ ಫೆಬ್ರುವರಿ 5ರ ಐತೀರ್ಪು ನಮಗೆ ಕೊಟ್ಟದ್ದು 270 ಟಿಎಂಸಿ ಅಡಿ ನೀರು. ಅದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಕರ್ನಾಟಕವೂ ಒಂದು. 2018ರ ಫೆಬ್ರುವರಿ 16ರಂದು ನಮ್ಮ ಪಾಲು 14.75 ಟಿಎಂಸಿ ಅಡಿಯಷ್ಟು ಹೆಚ್ಚಿ 284.75 ಆಯಿತು, ತಮಿಳುನಾಡಿನ ಗಡಿಯ ಬಿಳಿಗುಂಡ್ಲುವಿನಲ್ಲಿ ಬಿಡಬೇಕಾದ ನೀರು 192ರಿಂದ 177.25ಕ್ಕೆ ಇಳಿಯಿತು. ಆ ಹೆಚ್ಚಳದಲ್ಲಿ 4.75 ಟಿಎಂಸಿ ಅಡಿ ಬೆಂಗಳೂರಿನ ಕುಡಿಯುವ ನೀರಿಗೆಂದೇ ಸಿಕ್ಕಿತು. ನ್ಯಾಯಾಲಯಕ್ಕೆ ಅಧಿಕಾರವಿಲ್ಲ ಎಂದು ವಾದಿಸುವವರು ಈ ನೀರನ್ನೂ ಬಿಟ್ಟುಕೊಡಬೇಕಾಗುತ್ತದೆ.

ಇನ್ನು ವಿಧಾನಮಂಡಲದ ಮಾತು. 1991ರ ಜೂನ್ 25ರಂದು ನ್ಯಾಯಮಂಡಳಿ ವರ್ಷಕ್ಕೆ 205 ಟಿಎಂಸಿ ಅಡಿ ನೀರು ಬಿಡಬೇಕೆಂದು ಮಧ್ಯಂತರ ಆದೇಶ ಕೊಟ್ಟಾಗ ಬಂಗಾರಪ್ಪನವರ ಸರ್ಕಾರ ಜುಲೈ 25ರಂದು ಸುಗ್ರೀವಾಜ್ಞೆ ಹೊರಡಿಸಿ, ನಮ್ಮ ರೈತರ ನೀರನ್ನು ಯಾರ ಆದೇಶವಿದ್ದರೂ ಕಾಪಾಡುವುದಾಗಿ ಸಾರಿತು. ಆಗಿನ ಭಾವೋದ್ವೇಗವನ್ನು ಕಂಡವರಿಗೆ ಅದು ಎಷ್ಟು ಜನಪ್ರಿಯವಾಗಿತ್ತೆಂದು ಗೊತ್ತು. ರಾಷ್ಟ್ರಪತಿಗಳು ಅಭಿಪ್ರಾಯ ಕೇಳಿದಾಗ ಸುಪ್ರೀಂ ಕೋರ್ಟ್ ನವೆಂಬರ್ 22ರಂದು ಆ ಸುಗ್ರೀವಾಜ್ಞೆಯನ್ನು ಅಸಾಂವಿಧಾನಿಕವೆಂದಿತು. ಒಂದು ವ್ಯಾಜ್ಯದಲ್ಲಿ ಕಕ್ಷಿದಾರನಾಗಿರುವ ರಾಜ್ಯ ತನ್ನ ವಿರುದ್ಧದ ಆದೇಶವನ್ನು ತಾನೇ ಶಾಸನ ಮಾಡಿ ರದ್ದುಪಡಿಸಿಕೊಳ್ಳುವುದೆಂದರೆ, ಬೇಲಿ ತಕರಾರಿನಲ್ಲಿ ಸೋತವನು ತನ್ನ ಮನೆಯಲ್ಲೇ ಪಂಚಾಯಿತಿ ಕೂಡಿಸಿ ಗೆದ್ದೆ ಎಂದಂತೆ. ನಾಳೆ ತಮಿಳುನಾಡು ಇದನ್ನೇ ಮಾಡಿದರೆ ನಾವು ಸುಮ್ಮನಿರುತ್ತೇವೆಯೇ? 2016ರ ಸೆಪ್ಟೆಂಬರ್ 23ರ ನಿರ್ಣಯವನ್ನು, ಅಂದರೆ ನೀರು ಕುಡಿಯುವುದಕ್ಕೆ ಮಾತ್ರ ಎಂದು ಎರಡೂ ಸದನಗಳು ಹೇಳಿದ್ದನ್ನು, ನಾನು ಹೀಗೇ ನೋಡುತ್ತೇನೆ. ಅದಕ್ಕೆ ರಾಜಕೀಯ ತೂಕವಿತ್ತು. ಕಾನೂನಿನ ತೂಕ ಇರಲಿಲ್ಲ.

ಆದರೂ ನ್ಯಾಯಾಲಯ ಎಡವಿದ ಒಂದು ಕ್ಷಣ ಅದೇ ವರ್ಷ ಬಂದಿತ್ತು. ಸೆಪ್ಟೆಂಬರ್ 30ರಂದು ಅದು ನಾಲ್ಕೇ ದಿನಗಳಲ್ಲಿ ಕಾವೇರಿ ನಿರ್ವಹಣಾ ಮಂಡಳಿ ರಚಿಸುವಂತೆ ಕೇಂದ್ರಕ್ಕೆ ಆದೇಶಿಸಿತು. ಮಂಡಳಿಯ ರಚನೆ ಸಂಸತ್ತಿಗೆ ಸೇರಿದ ವಿಷಯ, ಮೇಲ್ಮನವಿಗಳ ವಿಚಾರಣೆಯೇ ಬಾಕಿ ಇದೆ ಎಂದು ಕೇಂದ್ರ ಆಕ್ಷೇಪಿಸಿದಾಗ ಅಕ್ಟೋಬರ್ 4ರಂದು ಆ ಆದೇಶವನ್ನು ಬದಿಗಿಟ್ಟು ತಾಂತ್ರಿಕ ತಂಡವೊಂದನ್ನು ಜಲಾಶಯಗಳ ಪರಿಶೀಲನೆಗೆ ಕಳುಹಿಸಿತು. ಮಿತಿ ಮೀರಿದೆವು ಎಂದು ಪೀಠ ಬಾಯಿಬಿಟ್ಟು ಹೇಳಲಿಲ್ಲ. ಹಿಂದೆ ಸರಿದ ರೀತಿಯಲ್ಲಿಯೇ ಅದು ತಿಳಿಯುತ್ತಿತ್ತು.

ಸೋತ ಪಕ್ಷ ಶಾಸನ ಮಾಡಿ ತೀರ್ಪನ್ನು ಅಳಿಸುವಂತಿಲ್ಲ ಎಂದಾದರೆ, ಸುಪ್ರೀಂ ಕೋರ್ಟಿನ ತೀರ್ಪಿನಿಂದ ನಿಂತುಹೋಗಿದ್ದ ನಮ್ಮ ಕಂಬಳ ಮತ್ತೆ ಹೇಗೆ ನಡೆಯುತ್ತಿದೆ?
*ಕೋಣಗಳ ಯಜಮಾನರೊಬ್ಬರು, ಮೂಡುಬಿದಿರೆ*

ತೀರ್ಪನ್ನು ಅಳಿಸುವುದು ಬೇರೆ, ಆ ತೀರ್ಪು ಯಾವ ಕಾನೂನಿನ ಮೇಲೆ ನಿಂತಿತ್ತೋ ಆ ಕಾನೂನನ್ನು ಬದಲಾಯಿಸುವುದು ಬೇರೆ. 2014ರ ಮೇ 7ರಂದು ಇಬ್ಬರು ನ್ಯಾಯಮೂರ್ತಿಗಳ ಪೀಠ ಜಲ್ಲಿಕಟ್ಟನ್ನೂ ಎತ್ತಿನ ಓಟವನ್ನೂ ನಿಷೇಧಿಸಿದ್ದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಆಗ ಹೇಗಿತ್ತೋ ಅದನ್ನು ಓದಿ. ಆ ತೀರ್ಪಿನ ನೆರಳು ಕಂಬಳದ ಮೇಲೂ ಬಿದ್ದು, 2016ರ ಕೊನೆಯಲ್ಲಿ ಹೈಕೋರ್ಟಿನ ಮಧ್ಯಂತರ ಆದೇಶದಿಂದ ನಿಮ್ಮ ಗದ್ದೆಗಳು ಮೌನವಾದವು. ಕರ್ನಾಟಕ ಆಗ ತೀರ್ಪು ಅಸಿಂಧು ಎಂದು ಘೋಷಿಸಲು ಹೋಗಲಿಲ್ಲ. ಕಾಯ್ದೆಗೇ ರಾಜ್ಯದ ತಿದ್ದುಪಡಿ ತಂದು, ಕಂಬಳಕ್ಕೆ ಅದರಲ್ಲಿ ಜಾಗ ಮಾಡಿಕೊಟ್ಟು, ವಿಷಯ ಕೇಂದ್ರ, ರಾಜ್ಯ ಎರಡೂ ಶಾಸನ ಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿರುವುದರಿಂದ ರಾಷ್ಟ್ರಪತಿಗಳ ಅಂಕಿತವನ್ನೂ ಪಡೆಯಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಒಂದು ಆಚರಣೆ ನಾಡಿನ ಸಂಸ್ಕೃತಿಯ ಭಾಗವೇ ಎಂಬುದನ್ನು ತೀರ್ಮಾನಿಸಲು ನ್ಯಾಯಾಲಯಕ್ಕಿಂತ ಶಾಸಕಾಂಗ ಹೆಚ್ಚು ಯೋಗ್ಯವಾದ ಸ್ಥಳ ಎಂದು ಪೀಠ ಹೇಳಿದ್ದನ್ನು ನಾನು ಆ ತೀರ್ಪಿನ ಅತ್ಯುತ್ತಮ ಭಾಗವೆಂದು ಭಾವಿಸುತ್ತೇನೆ. 2014ರ ಪೀಠ ಪರಂಪರೆಯ ಇತಿಹಾಸಕ್ಕೇ ಇಳಿದು ತೀರ್ಮಾನ ಕೊಡಲು ಹೊರಟಿತ್ತು.

ಕರ್ನಾಟಕದ ಇನ್ನೊಂದು ಪ್ರಕರಣ ಇದಕ್ಕಿಂತಲೂ ಸ್ಪಷ್ಟವಾಗಿದೆ. ಮೀಸಲಾತಿಯಡಿ ಬಡ್ತಿ ಪಡೆದ ನೌಕರರ ಜ್ಯೇಷ್ಠತೆಯನ್ನು ಕುರಿತ 2002ರ ಕಾಯ್ದೆಯನ್ನು ಸುಪ್ರೀಂ ಕೋರ್ಟ್ 2017ರ ಫೆಬ್ರುವರಿಯಲ್ಲಿ ಪವಿತ್ರಾ ಪ್ರಕರಣದಲ್ಲಿ ರದ್ದುಪಡಿಸಿತು. ಪ್ರಾತಿನಿಧ್ಯ ಸಾಲದೆಂಬುದಕ್ಕೆ ಅಂಕಿಅಂಶಗಳ ಆಧಾರವಿಲ್ಲ ಎಂಬುದು ಅದು ಕಂಡ ದೋಷ. ಸರ್ಕಾರ ರತ್ನಪ್ರಭಾ ಸಮಿತಿಯಿಂದ ಅಂಕಿಅಂಶ ಸಂಗ್ರಹಿಸಿ 2018ರಲ್ಲಿ ಹೊಸ ಕಾಯ್ದೆ ತಂದಿತು. 2019ರ ಮೇ 10ರಂದು ಅದೇ ನ್ಯಾಯಾಲಯ ಹೊಸ ಕಾಯ್ದೆಯನ್ನು ಒಪ್ಪಿತು. ಎರಡೂ ಸಲ ವಿಷಯ ಒಂದೇ, ಎರಡೂ ಸಲ ಶಾಸಕಾಂಗದ ಉದ್ದೇಶವೂ ಒಂದೇ. ದೋಷವನ್ನು ತೋರಿಸುವ ಕೆಲಸ ನ್ಯಾಯಾಲಯದ್ದಾಯಿತು, ಅದನ್ನು ಸರಿಪಡಿಸುವ ಕೆಲಸ ವಿಧಾನಮಂಡಲದ್ದಾಯಿತು. 1991ರ ಸುಗ್ರೀವಾಜ್ಞೆಯಲ್ಲಿ ಇಲ್ಲದೇ ಹೋದದ್ದು ಇದು.

ಪ್ರಾಥಮಿಕ ಹಂತದಲ್ಲಿ ಕನ್ನಡ ಮಾಧ್ಯಮ ಇರಬೇಕೆಂಬ ನೀತಿಯನ್ನು ಸುಪ್ರೀಂ ಕೋರ್ಟ್ ಮುರಿದುಹಾಕಿತು. ಮಗು ಯಾವ ಭಾಷೆಯಲ್ಲಿ ಕಲಿಯಬೇಕೆಂದು ಹೇಳಲು ನ್ಯಾಯಾಧೀಶರು ಶಿಕ್ಷಣ ತಜ್ಞರೇ? ಇದು ಅಧಿಕಾರದ ಅತಿಕ್ರಮಣವಲ್ಲವೇ?
*ನಿವೃತ್ತ ಶಿಕ್ಷಕಿ, ಶಿವಮೊಗ್ಗ*

ಈ ತೀರ್ಪನ್ನು ನಾನೂ ಒಪ್ಪುವುದಿಲ್ಲ. ಆದರೆ ಅತಿಕ್ರಮಣ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ. ಏಕೆಂದು ಸ್ವಲ್ಪ ವಿವರವಾಗಿ ಹೇಳಬೇಕು.

1994ರ ಏಪ್ರಿಲ್ 29ರ ಸರ್ಕಾರಿ ಆದೇಶ ಒಂದರಿಂದ ನಾಲ್ಕನೇ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಿರಬೇಕೆಂದಿತು. ಹೈಕೋರ್ಟಿನ ಪೂರ್ಣಪೀಠ 2008ರ ಜುಲೈ 2ರಂದು ಅನುದಾನರಹಿತ ಖಾಸಗಿ ಶಾಲೆಗಳಿಗೆ ಅದು ಅನ್ವಯಿಸದೆಂದಿತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರ ಪೀಠ ಆ ನಿಲುವನ್ನೇ ಎತ್ತಿಹಿಡಿಯಿತು. ಮಾತೃಭಾಷೆಯಲ್ಲಿ ಕಲಿತರೆ ಮಗುವಿಗೆ ಒಳ್ಳೆಯದೆಂಬ ತಜ್ಞರ ಅಭಿಪ್ರಾಯವನ್ನು ಪೀಠ ಅಲ್ಲಗಳೆಯಲಿಲ್ಲ ಎಂಬುದನ್ನು ನಮ್ಮಲ್ಲಿ ಹಲವರು ಗಮನಿಸಿಯೇ ಇಲ್ಲ. ಹಾಗೆ ಕಲಿಯಲೇಬೇಕೆಂದು ಸರ್ಕಾರ ಕಡ್ಡಾಯಪಡಿಸಬಹುದೇ ಎಂಬುದಷ್ಟೇ ಅದರ ಮುಂದಿದ್ದ ಪ್ರಶ್ನೆ. ನಾಗರಿಕರೊಬ್ಬರು ನನ್ನ ಮೂಲಭೂತ ಹಕ್ಕಿಗೆ ಧಕ್ಕೆಯಾಗಿದೆ ಎಂದು ಬಂದಾಗ, ಧಕ್ಕೆಯಾಗಿದೆಯೇ ಇಲ್ಲವೇ ಎಂದು ಹೇಳದೆ ಎದ್ದುಹೋಗಲು ನ್ಯಾಯಾಲಯಕ್ಕೆ ಬರುವುದಿಲ್ಲ. ಅಧಿಕಾರ ಇತ್ತು, ಕರ್ತವ್ಯವೂ ಇತ್ತು.

ನನ್ನ ಭಿನ್ನಾಭಿಪ್ರಾಯ ಇರುವುದು ಅದರ ಒಂದೇ ಒಂದು ಹೆಜ್ಜೆಯಲ್ಲಿ. ಮಾಧ್ಯಮದ ಆಯ್ಕೆ 19(1)(ಎ) ವಿಧಿಯ ವಾಕ್ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯದ ಒಳಗೆ ಬರುತ್ತದೆ ಎಂದು ಪೀಠ ಹೇಳಿತು. ಇದನ್ನು ಹೇಳಿದ ಕ್ಷಣಕ್ಕೆ ಸರ್ಕಾರ ಸೋತಾಗಿತ್ತು. ವಾಕ್ ಸ್ವಾತಂತ್ರ್ಯವನ್ನು ಯಾವ ಕಾರಣಗಳಿಗೆ ಮೊಟಕುಗೊಳಿಸಬಹುದೆಂಬ ಪಟ್ಟಿ 19(2)ರಲ್ಲಿ ಎಣಿಸಿಟ್ಟಂತಿದೆ: ದೇಶದ ಸಾರ್ವಭೌಮತೆ, ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ, ಮಾನಹಾನಿ, ಹೀಗೆ. ಮಗುವಿನ ಕಲಿಕೆಯ ಹಿತ ಆ ಪಟ್ಟಿಯಲ್ಲಿ ಇಲ್ಲ. ಇರಲು ಸಾಧ್ಯವೂ ಇರಲಿಲ್ಲ, ಏಕೆಂದರೆ ಆ ವಿಧಿಯನ್ನು ಬರೆದವರ ಕಣ್ಣ ಮುಂದೆ ಇದ್ದದ್ದು ಪತ್ರಿಕೆ, ಭಾಷಣ, ಸಭೆ. ಒಂದನೇ ತರಗತಿಯ ಪಾಠದ ಪುಸ್ತಕವಲ್ಲ. ಕಲಿಕೆಯ ಮಾಧ್ಯಮವನ್ನು ಅಭಿವ್ಯಕ್ತಿ ಎಂದು ಕರೆದದ್ದೇ ಹಿಗ್ಗಿಸಿದ ಓದು ಎಂಬುದು ನನ್ನ ಅನಿಸಿಕೆ. 350ಎ ವಿಧಿಯಲ್ಲಿ ಬರುವ 'ಮಾತೃಭಾಷೆ' ಎಂದರೆ ಮಗುವಿಗೆ ಹಿತವೆಂದು ತಂದೆತಾಯಿ ತೀರ್ಮಾನಿಸುವ ಭಾಷೆ ಎಂದದ್ದೂ ಹಾಗೆಯೇ. ತಾಯಿ ಆಡದ ಭಾಷೆ ತಾಯ್ನುಡಿಯಾಗುವ ಈ ಚಮತ್ಕಾರವನ್ನು ಐವತ್ತು ವರ್ಷ ಪಾಠ ಹೇಳಿದ ನಿಮ್ಮಂಥವರಿಗೆ ನಾನು ವಿವರಿಸಲಾರೆ.

ಇದು ತಪ್ಪಾದ ತೀರ್ಪು ಎನ್ನುವ ವಾದ. ತಪ್ಪಾದ ತೀರ್ಪಿಗೆ ಮದ್ದು ಇನ್ನೂ ದೊಡ್ಡ ಪೀಠದಲ್ಲಿ ಇದೆ, ಇಲ್ಲವೇ ಸಂವಿಧಾನ ತಿದ್ದುಪಡಿಯಲ್ಲಿ ಇದೆ. ತಿದ್ದುಪಡಿಯ ಬೇಡಿಕೆ ನಮ್ಮ ಸಾಹಿತ್ಯ ಸಮ್ಮೇಳನಗಳಲ್ಲಿ ಕೇಳಿಬರುತ್ತಲೇ ಇದೆ, ದೆಹಲಿಯವರೆಗೆ ಹೋಗುವಷ್ಟು ಕಾವು ಅದಕ್ಕೆ ಬಂದಿಲ್ಲ. ಕನ್ನಡವನ್ನು ಒಂದು ಭಾಷೆಯಾಗಿ ಎಲ್ಲ ಶಾಲೆಗಳಲ್ಲಿ ಕಲಿಸುವ 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯಂತೂ ಆ ತೀರ್ಪು ಬಂದ ಮೇಲೆಯೇ ರೂಪುಗೊಂಡಿತು. ಅದರ ಪಾಲನೆ ಎಷ್ಟರಮಟ್ಟಿಗೆ ಆಗುತ್ತಿದೆ ಎಂದು ಸರ್ಕಾರವನ್ನು ಕೇಳಲು ಯಾವ ನ್ಯಾಯಾಲಯವೂ ನಮ್ಮನ್ನು ತಡೆದಿಲ್ಲ.

ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರ್ ಜಾಗದಲ್ಲಿ ಕಟ್ಟಡ ಕಟ್ಟಬಾರದೆಂದು ಹಸಿರು ನ್ಯಾಯಮಂಡಳಿ ಹೇಳಿತ್ತು. ಇಷ್ಟು ಒಳ್ಳೆಯ ಆದೇಶವನ್ನು ಸುಪ್ರೀಂ ಕೋರ್ಟ್ ಏಕೆ ರದ್ದು ಮಾಡಿತು?
*ಕೆರೆ ಸಂರಕ್ಷಣೆಯಲ್ಲಿ ತೊಡಗಿರುವ ಓದುಗರು, ಬೆಂಗಳೂರು*

ಒಳ್ಳೆಯ ಆದೇಶ ಹೌದು. ಕೊಡಲು ಅಧಿಕಾರವಿಲ್ಲದವರು ಕೊಟ್ಟ ಒಳ್ಳೆಯ ಆದೇಶ.

ನಗರದ ಮಹಾಯೋಜನೆಯಲ್ಲಿ ಕೆರೆಯ ಸುತ್ತಲಿನ ಮೀಸಲು ಅಂತರ 30 ಮೀಟರ್ ಎಂದಿತ್ತು. ಆ ಯೋಜನೆ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಕರಡು ಪ್ರಕಟಿಸಿ, ಆಕ್ಷೇಪಣೆ ಕೇಳಿ, ಅಂತಿಮಗೊಳಿಸಿದ್ದು. ಹಾಗಾಗಿ ಅದಕ್ಕೆ ಶಾಸನದ ಬಲವಿದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಮೇ 4ರಂದು ಎರಡು ಕಟ್ಟಡ ಯೋಜನೆಗಳ ಪ್ರಕರಣವನ್ನು ತೀರ್ಮಾನಿಸುವಾಗ ಇಡೀ ನಗರಕ್ಕೆ ಅನ್ವಯಿಸುವಂತೆ ಆ ಅಂತರವನ್ನು 75 ಮೀಟರಿಗೆ ಹೆಚ್ಚಿಸಿತು. ನ್ಯಾಯಮಂಡಳಿ ಎಂಬುದೇ ಒಂದು ಕಾಯ್ದೆಯ ಕೂಸು, ಆ ಕಾಯ್ದೆ ಅದಕ್ಕೆ ಇನ್ನೊಂದು ಕಾಯ್ದೆಯಡಿಯ ನಿಯಮವನ್ನು ತಿದ್ದುವ ಅಧಿಕಾರ ಕೊಟ್ಟಿಲ್ಲ ಎಂದು 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಹೇಳಿತು. ಈ ತೀರ್ಪು ಬಂದ ದಿನ ಕೆರೆಗಳ ಬಗ್ಗೆ ಕಾಳಜಿಯಿರುವ ನನ್ನ ಗೆಳೆಯರು ಬೇಸರಪಟ್ಟರು, ನಾನೂ ಪಟ್ಟೆ. ಆದರೆ 30ನ್ನು 75 ಮಾಡುವ ಅಧಿಕಾರವನ್ನು ಒಪ್ಪಿಕೊಂಡರೆ, ಮುಂದೊಂದು ಪೀಠ ಅದನ್ನೇ 10 ಮಾಡಿದಾಗ ನಾವು ಯಾವ ಆಧಾರದ ಮೇಲೆ ಎದ್ದು ನಿಲ್ಲುವುದು? ಅಂತರವನ್ನು ಹೆಚ್ಚಿಸಬೇಕೆಂಬ ಒತ್ತಾಯ ವಿಧಾನಸೌಧದ ಕಡೆಗೆ ಹೋಗಬೇಕು.

ಇದೇ ಪತ್ರದಲ್ಲಿ ನೀವು ಹಳ್ಳ ಬಿದ್ದ ರಸ್ತೆಗಳ ಬಗ್ಗೆಯೂ ಕೇಳಿದ್ದೀರಿ. ನಮ್ಮ ಹೈಕೋರ್ಟ್ ಬೆಂಗಳೂರಿನ ರಸ್ತೆಗುಂಡಿಗಳ ಮೇಲೆ ವರ್ಷಗಟ್ಟಲೆ ನಿಗಾ ಇಟ್ಟಿದೆ, ಎಂಜಿನಿಯರುಗಳನ್ನು ಕರೆಸಿದೆ, ವರದಿ ತರಿಸಿಕೊಂಡಿದೆ. ಗುಂಡಿಗಳು ಮಾತ್ರ ಹೋಗಲಿಲ್ಲ. ನ್ಯಾಯಾಲಯದ ಬಳಿ ಡಾಂಬರೂ ಇಲ್ಲ, ಗುತ್ತಿಗೆದಾರನ ಬಿಲ್ಲು ತಡೆಹಿಡಿಯುವ ಕೈಯೂ ಇಲ್ಲ. 2007ರಲ್ಲಿ ಹರಿಯಾಣದ ಅರಾವಳಿ ಗಾಲ್ಫ್ ಕ್ಲಬ್ಬಿನ ಪ್ರಕರಣವೊಂದು ಸುಪ್ರೀಂ ಕೋರ್ಟಿಗೆ ಬಂದಿತ್ತು. ದಿನಗೂಲಿ ಮಾಲಿಗಳಿಂದ ಟ್ರ್ಯಾಕ್ಟರ್ ಓಡಿಸುವ ಕೆಲಸ ಮಾಡಿಸಲಾಗುತ್ತಿತ್ತು, ಆದ್ದರಿಂದ ಇಲ್ಲದ ಟ್ರ್ಯಾಕ್ಟರ್ ಚಾಲಕ ಹುದ್ದೆಯನ್ನು ಸೃಷ್ಟಿಸಿ ಅವರನ್ನು ಖಾಯಂ ಮಾಡಿ ಎಂದು ಕೆಳಗಿನ ನ್ಯಾಯಾಲಯ ಹೇಳಿತ್ತು. ಹುದ್ದೆ ಸೃಷ್ಟಿಸುವುದು ಸರ್ಕಾರದ ಕೆಲಸ, ನ್ಯಾಯಾಧೀಶರು ಸರ್ಕಾರ ನಡೆಸಲು ಹೊರಡಬಾರದು ಎಂದು ಪೀಠ ಗದರಿದಂತೆ ಬರೆಯಿತು. ಆ ಮಾಲಿಗಳ ಬಗ್ಗೆ ನನಗೆ ಇಂದಿಗೂ ಮರುಕವಿದೆ. ಕಾನೂನು ಮಾತ್ರ ಪೀಠ ಹೇಳಿದ ಕಡೆಗೇ ಇತ್ತು.

ರಾಜ್ಯಪಾಲರು ಮಸೂದೆಗಳನ್ನು ತಡೆಹಿಡಿಯುವ ವಿಷಯದಲ್ಲಿ ಸುಪ್ರೀಂ ಕೋರ್ಟ್ ಏಪ್ರಿಲಿನಲ್ಲಿ ಒಂದು ಹೇಳಿ ನವೆಂಬರಿನಲ್ಲಿ ಇನ್ನೊಂದು ಹೇಳಿತಲ್ಲ, ವಿದ್ಯಾರ್ಥಿಗಳಾದ ನಾವು ಯಾವುದನ್ನು ಬರೆಯಬೇಕು?
*ಕಾನೂನು ವಿದ್ಯಾರ್ಥಿ, ಕಲಬುರಗಿ*

ಎರಡನ್ನೂ ಬರೆಯಿರಿ, ಅವುಗಳ ನಡುವಿನ ಅಂತರವನ್ನು ಬರೆದರೆ ಇನ್ನೂ ಒಳ್ಳೆಯದು.

2025ರ ಏಪ್ರಿಲ್ 8ರಂದು ಇಬ್ಬರು ನ್ಯಾಯಮೂರ್ತಿಗಳ ಪೀಠ ತಮಿಳುನಾಡಿನ ಪ್ರಕರಣದಲ್ಲಿ ರಾಜ್ಯಪಾಲರಿಗೂ ರಾಷ್ಟ್ರಪತಿಗಳಿಗೂ ಕಾಲಮಿತಿ ವಿಧಿಸಿತು. ಅಷ್ಟಕ್ಕೇ ನಿಲ್ಲದೆ 142ನೇ ವಿಧಿಯ 'ಸಂಪೂರ್ಣ ನ್ಯಾಯ'ದ ಅಧಿಕಾರ ಬಳಸಿ ಹತ್ತು ಮಸೂದೆಗಳಿಗೆ ಅಂಕಿತ ಬಿದ್ದಂತೆಯೇ ಎಂದು ಘೋಷಿಸಿತು. ರಾಷ್ಟ್ರಪತಿಗಳು ಮೇ ತಿಂಗಳಲ್ಲಿ ಹದಿನಾಲ್ಕು ಪ್ರಶ್ನೆಗಳನ್ನು ಕಳುಹಿಸಿ ಅಭಿಪ್ರಾಯ ಕೇಳಿದರು. ಕರ್ನಾಟಕ ಸರ್ಕಾರದ ಪರವಾಗಿಯೂ ಆ ವಿಚಾರಣೆಯಲ್ಲಿ ವಾದ ಮಂಡನೆಯಾಯಿತು. ನವೆಂಬರ್ 20ರಂದು ಐವರ ಪೀಠ ಹೇಳಿದ್ದಿಷ್ಟು: ಸಂವಿಧಾನದಲ್ಲಿ ಇಲ್ಲದ ಕಾಲಮಿತಿಯನ್ನು ನ್ಯಾಯಾಲಯ ಹಾಕಲಾರದು, ಅಂಕಿತ ಬಿದ್ದಂತೆ ಎಂದು ಭಾವಿಸಿಕೊಳ್ಳುವುದೆಂದರೆ ಇನ್ನೊಂದು ಸಾಂವಿಧಾನಿಕ ಹುದ್ದೆಯ ಕೆಲಸವನ್ನು ತಾನೇ ಮಾಡಿದಂತೆ, ಹಾಗೆಂದು ರಾಜ್ಯಪಾಲರು ಮಸೂದೆಯನ್ನು ಸದನಕ್ಕೆ ಹಿಂದಿರುಗಿಸದೆ ಸುಮ್ಮನೆ ಅದುಮಿಟ್ಟುಕೊಳ್ಳುವಂತೆಯೂ ಇಲ್ಲ, ವಿವರಣೆಯಿಲ್ಲದ ದೀರ್ಘ ವಿಳಂಬವಿದ್ದರೆ, ನಿರ್ಧಾರ ಏನಿರಬೇಕೆಂದು ಹೇಳದೆ, ಯಾವುದಾದರೊಂದು ನಿರ್ಧಾರ ಮಾಡಿ ಎಂದಷ್ಟೇ ನ್ಯಾಯಾಲಯ ಹೇಳಬಹುದು.

ಏಪ್ರಿಲಿನ ಪೀಠದ ಅಸಹನೆ ನನಗೆ ಅರ್ಥವಾಗುತ್ತದೆ. ಚುನಾಯಿತ ಸದನ ಎರಡನೆಯ ಬಾರಿಗೆ ಅಂಗೀಕರಿಸಿ ಕಳುಹಿಸಿದ ಮಸೂದೆಗಳಿಗೂ ಬಿಡುಗಡೆ ಸಿಗದಿದ್ದಾಗ ಯಾರಿಗಾದರೂ ಕೋಪ ಬರುತ್ತದೆ. ಆದರೆ ಅಂಕಿತ ಹಾಕುವುದು ಒಂದು ಸಹಿ. ಆ ಸಹಿ ಯಾರದೆಂದು ಸಂವಿಧಾನ ಬರೆದಿಟ್ಟಿದೆ. ಸಹಿ ಹಾಕಿ ಎಂದು ಒತ್ತಾಯಿಸುವವನೂ ಸಹಿಯನ್ನೇ ಹಾಕಿಬಿಡುವವನೂ ಒಂದೇ ಅಲ್ಲ. ನವೆಂಬರಿನ ಅಭಿಪ್ರಾಯ ಈ ವ್ಯತ್ಯಾಸವನ್ನು ಉಳಿಸಿತು ಎಂಬ ಕಾರಣಕ್ಕೆ ನಾನು ಅದನ್ನು ಒಪ್ಪುತ್ತೇನೆ. ದೀರ್ಘ ವಿಳಂಬ ಎಂದರೆ ಎಷ್ಟು ದಿನ ಎಂದು ಹೇಳದೆ ಬಿಟ್ಟದ್ದರಿಂದ ಪ್ರತಿ ಮಸೂದೆಗೂ ಒಂದೊಂದು ಮೊಕದ್ದಮೆ ಹುಟ್ಟುವ ಸಾಧ್ಯತೆ ಇದೆ, ಅದು ಅದರ ದುರ್ಬಲ ಭಾಗ.

142ನೇ ವಿಧಿಯ ವಿಷಯದಲ್ಲಿ ಇನ್ನೊಂದು ಉದಾಹರಣೆಯನ್ನೂ ಗುರುತು ಮಾಡಿಕೊಳ್ಳಿ. 2016ರ ಡಿಸೆಂಬರ್ 15ರಂದು ಹೆದ್ದಾರಿಗಳಿಂದ 500 ಮೀಟರ್ ಒಳಗೆ ಮದ್ಯದಂಗಡಿ ಇರಬಾರದೆಂದು ಸುಪ್ರೀಂ ಕೋರ್ಟ್ ಆದೇಶಿಸಿತು. ಕುಡಿದು ವಾಹನ ಓಡಿಸಿ ಸಾಯುವವರ ಬಗ್ಗೆ ಅದಕ್ಕಿದ್ದ ಕಳಕಳಿ ಪ್ರಶ್ನಾತೀತ. ಆದರೆ ದಾಖಲೆಯಲ್ಲಿ ಹೆದ್ದಾರಿ ಎಂದಿದ್ದ ನಗರದೊಳಗಿನ ರಸ್ತೆಗಳಿಗೂ ಅದು ತಗಲಿ ಬೆಂಗಳೂರಿನ ನಡುಮಧ್ಯದ ಬಾರುಗಳಿಗೂ ಬೀಗ ಬಿತ್ತು. ರಾಜ್ಯಗಳು ರಸ್ತೆಗಳ ಹೆಸರು ಬದಲಾಯಿಸಲು ಓಡಾಡಿದವು. ಮೊದಲು ಸಣ್ಣ ಊರುಗಳಿಗೆ ಅಂತರ 220 ಮೀಟರಿಗೆ ಇಳಿಯಿತು, 2017ರ ಜುಲೈಯಲ್ಲಿ ನಗರ ವ್ಯಾಪ್ತಿಯ ಅಂಗಡಿಗಳಿಗೆ ಆದೇಶ ಅಡ್ಡಿಯಲ್ಲವೆಂಬ ಸ್ಪಷ್ಟನೆ ಬಂತು. ಅಬಕಾರಿ ಇಲಾಖೆ ಒಂದು ನಿಯಮ ರೂಪಿಸುವ ಮೊದಲು ಮಾಡಬೇಕಾದ ಸಮೀಕ್ಷೆಯನ್ನು ನ್ಯಾಯಾಲಯ ತನ್ನ ಆದೇಶಕ್ಕೆ ತಾನೇ ತೇಪೆ ಹಾಕುತ್ತ ಮಾಡಿದಂತಾಯಿತು.

ಎಸ್.ಆರ್. ಬೊಮ್ಮಾಯಿ ಮೊಕದ್ದಮೆ ಗೆದ್ದರು, ಆದರೆ ಸರ್ಕಾರ ಹಿಂದಿರುಗಲಿಲ್ಲ. ಅಂಥ ಗೆಲುವಿನಿಂದ ಏನು ಪ್ರಯೋಜನ?
*ವರ್ತಕರು, ಹುಬ್ಬಳ್ಳಿ*

ಅವರಿಗೆ ವೈಯಕ್ತಿಕವಾಗಿ ಏನೂ ಇಲ್ಲ. 1989ರ ಏಪ್ರಿಲ್ 21ರಂದು, ಸದನದಲ್ಲಿ ಬಹುಮತ ಸಾಬೀತುಪಡಿಸುತ್ತೇನೆ ಎಂದು ಕೇಳಿಕೊಳ್ಳುತ್ತಿದ್ದ ಮುಖ್ಯಮಂತ್ರಿಯ ಸರ್ಕಾರ ವಜಾ ಆಯಿತು. ಹೈಕೋರ್ಟಿನಲ್ಲಿ ಅರ್ಜಿ ಬಿದ್ದುಹೋಯಿತು. ಅದೇ ವರ್ಷ ಚುನಾವಣೆ ನಡೆದು ಬೇರೆ ಸರ್ಕಾರ ಬಂತು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳು ವಜಾ ತಪ್ಪೆಂದಾಗ ಹಿಂದಿರುಗಿಸಲು ಸರ್ಕಾರವೇ ಉಳಿದಿರಲಿಲ್ಲ. ಐದು ವರ್ಷದ ವಿಳಂಬವೂ ನ್ಯಾಯಾಂಗದ ಒಂದು ಮಿತಿಯೇ, ಯಾವ ವಿಧಿಯಲ್ಲೂ ಬರೆಯದ ಮಿತಿ.

ಆದರೆ ಬಹುಮತವನ್ನು ಅಳೆಯಬೇಕಾದದ್ದು ರಾಜಭವನದಲ್ಲಲ್ಲ, ಸದನದಲ್ಲಿ ಎಂಬ ಮಾತು ಆ ತೀರ್ಪಿನಿಂದ ನೆಲೆಯೂರಿತು. 2018ರ ಮೇ 17ರ ನಡುರಾತ್ರಿ ಸುಪ್ರೀಂ ಕೋರ್ಟ್ ಬಾಗಿಲು ತೆರೆದು ಕರ್ನಾಟಕದ ವಿಷಯ ಕೇಳಿ, ಯಡಿಯೂರಪ್ಪನವರ ಪ್ರಮಾಣವಚನವನ್ನು ತಡೆಯದೆ, ಮರುದಿನ 18ರಂದು, ರಾಜ್ಯಪಾಲರು ಕೊಟ್ಟಿದ್ದ ಹದಿನೈದು ದಿನಗಳ ಬದಲು 19ರಂದೇ ವಿಶ್ವಾಸಮತಕ್ಕೆ ಆದೇಶಿಸಿದ್ದು ಅದರ ಬಲದಿಂದ. ಯಾರು ಮುಖ್ಯಮಂತ್ರಿಯಾಗಬೇಕೆಂದು ಪೀಠ ಹೇಳಲಿಲ್ಲ, ಎಲ್ಲಿ ಎಣಿಸಬೇಕೆಂದಷ್ಟೇ ಹೇಳಿತು.

ಎಡನೀರು ಮಠದ ಸ್ವಾಮೀಜಿಯವರ ಪ್ರಕರಣವೆಂದು ನಾವು ಹೆಮ್ಮೆಪಡುತ್ತೇವೆ. ಆದರೆ ಚುನಾಯಿತ ಸಂಸತ್ತಿಗಿಂತ ಹದಿಮೂರು ನ್ಯಾಯಾಧೀಶರು ಮೇಲೆಂದು ಯಾರು ಹೇಳಿದರು?
*ಕನ್ನಡ ಉಪನ್ಯಾಸಕರು, ಕಾಸರಗೋಡು*

ಹದಿಮೂರರಲ್ಲೂ ಏಳು ಜನ. ಮಠದ ಭೂಮಿಯನ್ನು ಉಳಿಸಿಕೊಳ್ಳಲು ಸ್ವಾಮೀಜಿ ಕೇಶವಾನಂದ ಭಾರತಿಯವರು ಹೂಡಿದ್ದ ಪ್ರಕರಣದ 1973ರ ಏಪ್ರಿಲ್ 24ರ ತೀರ್ಪು ಏಳು ಆರರ ಅಂತರದಲ್ಲಿ ಬಂದದ್ದು. 68 ದಿನ ನಡೆದ ಆ ವಿಚಾರಣೆಯ ಕೊನೆಗೆ ಮಠದ ಭೂಮಿಯೇನೂ ಉಳಿಯಲಿಲ್ಲ. ಸಂವಿಧಾನವನ್ನು ಸಂಸತ್ತು ತಿದ್ದಬಹುದು, ಅದರ ಮೂಲ ಸಂರಚನೆಯನ್ನು ಕೆಡವಬಾರದು ಎಂಬ ಸಿದ್ಧಾಂತ ಉಳಿಯಿತು. ಈ ಮಾತು ಸಂವಿಧಾನದ ಯಾವ ವಿಧಿಯಲ್ಲೂ ಅಕ್ಷರಶಃ ಇಲ್ಲ ಎಂಬ ನಿಮ್ಮ ಆಕ್ಷೇಪ ನಿಜ.

ಅದಿಲ್ಲದೆ ಹೋಗಿದ್ದರೆ ಏನಾಗುತ್ತಿತ್ತೆಂದು ತಿಳಿಯಲು ತುರ್ತುಪರಿಸ್ಥಿತಿಯನ್ನು ನೋಡಬೇಕು. 42ನೇ ತಿದ್ದುಪಡಿ ಇನ್ನು ಮುಂದೆ ಯಾವ ತಿದ್ದುಪಡಿಯನ್ನೂ ಯಾವ ನ್ಯಾಯಾಲಯದಲ್ಲೂ ಪ್ರಶ್ನಿಸುವಂತಿಲ್ಲ ಎಂದು ಬರೆಯಿತು. ಅದನ್ನು 1980ರಲ್ಲಿ ತೆಗೆದುಹಾಕಿದ್ದು ನಮ್ಮ ಬೆಂಗಳೂರಿನ ಮಿನರ್ವ ಮಿಲ್ಲಿನ ಪ್ರಕರಣದಲ್ಲಿ, ಅದೇ ಮೂಲ ಸಂರಚನೆಯ ಆಧಾರದ ಮೇಲೆ. ನ್ಯಾಯಾಲಯ ಅತಿಯಾಗಿ ಹಿಂದೆ ಸರಿದದ್ದಕ್ಕೂ ಅದೇ ಕಾಲದಲ್ಲಿ ಉದಾಹರಣೆ ಇದೆ. ವಿಚಾರಣೆಯಿಲ್ಲದೆ ಸೆರೆಯಲ್ಲಿದ್ದವರು ಬಿಡುಗಡೆ ಕೋರಿ ಅರ್ಜಿ ಹಾಕಬಹುದೆಂದು ಕರ್ನಾಟಕದ್ದೂ ಸೇರಿ ಒಂಬತ್ತು ಹೈಕೋರ್ಟುಗಳು ಹೇಳಿದ್ದವು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ ಆಗದು ಎಂದಿತು. ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ, ಮುಖ್ಯ ನ್ಯಾಯಮೂರ್ತಿಯ ಸ್ಥಾನ ಅವರ ಕೈತಪ್ಪಿತು. ಆ ತೀರ್ಪನ್ನು ಸ್ಪಷ್ಟವಾಗಿ ತಿರಸ್ಕರಿಸಲು 2017ರವರೆಗೆ ಕಾಯಬೇಕಾಯಿತು, ಅದೂ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಖಾಸಗಿತನದ ಹಕ್ಕಿಗಾಗಿ ಹೂಡಿದ ಪ್ರಕರಣದಲ್ಲಿ.

ಮೂಲ ಸಂರಚನೆಯ ವಿಷಯದಲ್ಲಿ ನನಗಿರುವ ತಕರಾರು ಬೇರೆ. ನ್ಯಾಯಾಧೀಶರ ನೇಮಕಕ್ಕೆ ಮುಖ್ಯ ನ್ಯಾಯಮೂರ್ತಿಯೊಂದಿಗೆ 'ಸಮಾಲೋಚನೆ' ಬೇಕು ಎಂದು ಸಂವಿಧಾನ ಹೇಳಿದರೆ, 1993ರಲ್ಲಿ ನ್ಯಾಯಾಲಯ ಅದನ್ನು 'ಸಮ್ಮತಿ' ಎಂದು ಓದಿ, ಹಿರಿಯ ನ್ಯಾಯಮೂರ್ತಿಗಳೇ ಹೊಸಬರನ್ನು ಆರಿಸುವ ಕೊಲಿಜಿಯಂ ಕಟ್ಟಿಕೊಂಡಿತು. ಸಂಸತ್ತು ಸಂವಿಧಾನವನ್ನೇ ತಿದ್ದಿ ನೇಮಕಾತಿ ಆಯೋಗ ತಂದಾಗ 2015ರ ಅಕ್ಟೋಬರ್ 16ರಂದು ನಾಲ್ಕು ಒಂದರ ಬಹುಮತದಿಂದ ಮೂಲ ಸಂರಚನೆಯ ಹೆಸರಿನಲ್ಲಿ ರದ್ದುಪಡಿಸಿತು. ಆಯೋಗದ ರಚನೆಯಲ್ಲಿ ದೋಷಗಳಿದ್ದವು. ಆದರೂ ತನ್ನ ಅಧಿಕಾರದ ಪ್ರಶ್ನೆಯನ್ನು ತಾನೇ ಕೇಳಿ ತನ್ನ ಪರವಾಗಿಯೇ ತೀರ್ಮಾನಿಸಿಕೊಂಡಾಗ ನ್ಯಾಯಾಲಯ ಎಷ್ಟು ಎಚ್ಚರದಿಂದಿರಬೇಕಿತ್ತೋ ಅಷ್ಟು ಇರಲಿಲ್ಲ. ಭಿನ್ನಮತದ ತೀರ್ಪು ಬರೆದ ನ್ಯಾಯಮೂರ್ತಿ ಚಲಮೇಶ್ವರ್ ಅವರ ಜೊತೆ ನಾನಿದ್ದೇನೆ.

ಹೀಗೆಲ್ಲ ತೀರ್ಪುಗಳನ್ನು ಟೀಕಿಸಿದರೆ ನ್ಯಾಯಾಂಗ ನಿಂದನೆಯಾಗುವುದಿಲ್ಲವೇ? ನಾನು ಫೇಸ್‌ಬುಕ್ಕಿನಲ್ಲಿ ಬರೆಯಬಹುದೇ?
*ಓದುಗರು, ತುಮಕೂರು*

ಧಾರಾಳವಾಗಿ ಬರೆಯಬಹುದು. ಮುಗಿದ ಪ್ರಕರಣದ ತೀರ್ಪಿನ ಮೇಲಿನ ನ್ಯಾಯಯುತ ಟೀಕೆ ನಿಂದನೆಯಲ್ಲ ಎಂದು 1971ರ ನ್ಯಾಯಾಂಗ ನಿಂದನೆ ಕಾಯ್ದೆಯ 5ನೇ ಕಲಮೇ ಹೇಳುತ್ತದೆ. ಸಾರ್ವಜನಿಕ ಹಿತದಲ್ಲಿ, ಪ್ರಾಮಾಣಿಕವಾಗಿ ಹೇಳಿದ್ದಾದರೆ ಸತ್ಯವನ್ನೂ ಸಮರ್ಥನೆಯಾಗಿ ಮುಂದಿಡಬಹುದೆಂದು 2006ರ ತಿದ್ದುಪಡಿ ಸೇರಿಸಿತು. ನ್ಯಾಯಾಧೀಶರು ಹಣ ಪಡೆದರು, ಪಕ್ಷವೊಂದರ ಆಳು ಎಂಬಂಥ ಆರೋಪವನ್ನು ಆಧಾರವಿಲ್ಲದೆ ಮಾಡಿದರೆ ಮಾತ್ರ ತೊಂದರೆ. ಬರೆಯುವ ಮೊದಲು ತೀರ್ಪನ್ನೇ ಓದಿ, ಟಿವಿಯ ಕೆಳಗೆ ಓಡುವ ಸಾಲನ್ನಲ್ಲ. ಸುಪ್ರೀಂ ಕೋರ್ಟಿನ ಜಾಲತಾಣದಲ್ಲಿ ಹಲವು ತೀರ್ಪುಗಳ ಕನ್ನಡ ಅನುವಾದಗಳು ಉಚಿತವಾಗಿ ಸಿಗುತ್ತವೆ. ಅನುವಾದದ ಕನ್ನಡ ಕೆಲವೆಡೆ ಮುಗ್ಗರಿಸುತ್ತದೆ, ಮತ್ತು ಅರ್ಥದ ಬಗ್ಗೆ ಜಗಳ ಬಂದರೆ ಇಂಗ್ಲಿಷ್ ಪ್ರತಿಯೇ ಪ್ರಮಾಣ. ಆದ್ದರಿಂದ ಒಂದು ವಾಕ್ಯವನ್ನು ಉದ್ಧರಿಸಿ ಟೀಕಿಸುವುದಾದರೆ ಆ ಪ್ಯಾರಾದ ಸಂಖ್ಯೆಯನ್ನು ಮೂಲದೊಂದಿಗೆ ಹೋಲಿಸಿಕೊಳ್ಳಿ.